ಹೊಗೆಯಿಲ್ಲದೆ ಡೀಸೆಲ್ ಉರಿಸಬಹುದೆ? ಮೂಡಿಗೆರೆಯ ಒಂದು ಕಾಫಿ ಡ್ರೈಯರ್ ಪ್ರಕರಣ

ಮೂಡಿಗೆರೆ ತಾಲ್ಲೂಕಿನಲ್ಲಿ ಸುಮಾರು 1,000 ಮೀಟರ್ ಎತ್ತರದಲ್ಲಿರುವ ಅರೇಬಿಕಾ ತೋಟವೊಂದರ ಡ್ರೈಯರ್ ಬಗ್ಗೆ ಮೂರು ದೂರುಗಳಿದ್ದವು. ಒಂದು, ಚಿಮಣಿಯ ಮಸಿ ಕಣದಲ್ಲಿ ಹರಡಿದ ಪಾರ್ಚ್‌ಮೆಂಟ್ (ತಿರುಳು ತೆಗೆದ, ಒಳಸಿಪ್ಪೆ ಇನ್ನೂ ಇರುವ ಕಾಫಿ ಬೀಜ) ಮೇಲೆ ಉದುರುತ್ತಿತ್ತು. ಎರಡು, ಡ್ರೈಯರ್‌ನಲ್ಲಿ ಒಣಗಿದ ಕೆಲವು ಲಾಟ್‌ಗಳಲ್ಲಿ ಹೊಗೆ ಮತ್ತು ಎಣ್ಣೆಯ ವಾಸನೆ ಇದೆಯೆಂದು ಕೊಳ್ಳುವವರು ಬೆಲೆ ಇಳಿಸಿದ್ದರು. ಮೂರು, ಒಂದು ಬ್ಯಾಚಿಗೆ ನೂರರ ಆಸುಪಾಸಿನಲ್ಲಿ ಇರುತ್ತಿದ್ದ ಡೀಸೆಲ್ ಖರ್ಚು 110 ಲೀಟರ್ ದಾಟುತ್ತಿತ್ತು. ಮಾಲೀಕರು ಕೇಳಿದ್ದು ಒಂದೇ ಪ್ರಶ್ನೆ: ಡೀಸೆಲನ್ನು ಚೊಕ್ಕವಾಗಿ ಉರಿಸಲು ಆಗುತ್ತದೆಯೋ, ಇಲ್ಲ ಈ ಬರ್ನರನ್ನೇ ಕಿತ್ತು ಗ್ಯಾಸ್ ಹಾಕಿಸಬೇಕೋ?

ಡ್ರೈಯರ್ ಸಾಮಾನ್ಯ ಬಗೆಯದು. ತಿರುಗುವ ಡ್ರಮ್ಮಿನಲ್ಲಿ ಕಾಫಿ. ಪಕ್ಕದಲ್ಲಿ ಉಕ್ಕಿನ ಬೆಂಕಿಗೂಡು, ಅದಕ್ಕೆ ಡೀಸೆಲ್ ಬರ್ನರ್. ಬೆಂಕಿಗೂಡು ಮತ್ತು ಅದರ ಹೊಗೆಕೊಳವೆಗಳ ಹೊರಮೈ ಸವರಿಕೊಂಡು ಬರುವ ಗಾಳಿ ಬಿಸಿಯಾಗಿ ಡ್ರಮ್ಮಿಗೆ ಹೋಗುತ್ತದೆ. ಹೊಗೆ ಬೇರೆ ದಾರಿಯಲ್ಲಿ ಚಿಮಣಿಗೆ. ಅಂದರೆ ಹೊಗೆಯೂ ಕಾಫಿಯೂ ಒಂದಕ್ಕೊಂದು ತಾಗಲೇಬಾರದು. ಬ್ಯಾಚೊಂದಕ್ಕೆ ಶೇ 40ರಷ್ಟು ತೇವವಿರುವ 2,000 ಕಿಲೊ ಪಾರ್ಚ್‌ಮೆಂಟ್ ತುಂಬಿ ಶೇ 10ಕ್ಕೆ ಇಳಿಸುತ್ತಾರೆ. ಲೆಕ್ಕ ಹಾಕಿದರೆ 667 ಕಿಲೊ ನೀರು ಆವಿಯಾಗಬೇಕು. ಅದಕ್ಕೆ ಬೇಕಾದ ಶಾಖ ಸುಮಾರು 1,600 ಮೆಗಾಜೂಲ್. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಇದೆ. ಒಂದು ಚೂರೂ ಪೋಲಾಗದಿದ್ದರೆ 45 ಲೀಟರ್ ಸಾಕು. ಆದರೆ ಚಿಮಣಿಯಲ್ಲಿ, ತಗಡಿನ ಮೈಯಲ್ಲಿ, ಡ್ರಮ್ಮಿನಿಂದ ಹೊರಬೀಳುವ ಬೆಚ್ಚನೆಯ ಗಾಳಿಯಲ್ಲಿ ಹೋಗುವುದನ್ನೆಲ್ಲ ಸೇರಿಸಿದರೆ ಇಂಥ ಡ್ರೈಯರ್ ಅದರ ಎರಡು ಪಟ್ಟಿಗಿಂತ ತುಸು ಹೆಚ್ಚೇ ಕುಡಿಯುತ್ತದೆ. ಹಾಗಾಗಿ ನೂರು ಲೀಟರ್ ಎಂಬುದು ಅಸಹಜವಲ್ಲ. ನೂರಹನ್ನೆರಡು ಅಸಹಜ.

ಚೊಕ್ಕವಾಗಿ ಉರಿಯುವುದು ಎಂದರೇನು

ಡೀಸೆಲ್ ಎಂದರೆ ಇಂಗಾಲ ಮತ್ತು ಜಲಜನಕ ಹೆಣೆದುಕೊಂಡ ಅಣುಗಳ ಮಿಶ್ರಣ. ಪೂರ್ತಿ ಉರಿದರೆ ಒಂದು ಲೀಟರಿನಿಂದ ಸುಮಾರು 2.65 ಕಿಲೊ ಇಂಗಾಲದ ಡೈಆಕ್ಸೈಡ್ ಮತ್ತು ಹೆಚ್ಚುಕಡಿಮೆ ಒಂದು ಲೀಟರ್ ನೀರು, ಆವಿಯಾಗಿ, ಹೊರಬರುತ್ತವೆ. ಬೇರೇನೂ ಬರಬೇಕಿಲ್ಲ. ಮಸಿ, ಇಂಗಾಲದ ಮೊನಾಕ್ಸೈಡ್, ಕಣ್ಣುರಿಸುವ ವಾಸನೆ ಇವೆಲ್ಲ ಅರೆಬೆಂದ ಇಂಧನದ ಗುರುತುಗಳು. ಇವನ್ನು ಸೊನ್ನೆಯ ಹತ್ತಿರಕ್ಕೆ ತರಬಹುದು.

ದ್ರವವಾಗಿರುವ ಡೀಸೆಲ್ ಉರಿಯುವುದಿಲ್ಲ. ಉರಿಯುವುದು ಅದರ ಆವಿ. ನಾಜಲ್‌ನಿಂದ ಚಿಮ್ಮುವ ಹನಿ ಮೊದಲು ಆವಿಯಾಗಬೇಕು, ಆವಿ ಗಾಳಿಯೊಂದಿಗೆ ಬೆರೆಯಬೇಕು, ಆಮೇಲೆ ಬೆಂಕಿ. ಹನಿ ಉರಿದು ಮುಗಿಯಲು ಬೇಕಾದ ಸಮಯ ಅದರ ಅಗಲದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಹನಿಯ ಅಗಲ ಎರಡರಷ್ಟಾದರೆ ಸಮಯ ನಾಲ್ಕರಷ್ಟು. ಜ್ವಾಲೆಯೊಳಗೆ ಗಾಳಿ ಸಾಲದ ಜಾಗದಲ್ಲಿ ಬಿಸಿಗೆ ಜಲಜನಕ ಕಳಚಿಕೊಳ್ಳುತ್ತದೆ, ಉಳಿದ ಇಂಗಾಲ ಉಂಗುರ ಉಂಗುರವಾಗಿ ಕೂಡಿಕೊಂಡು ಮಸಿಯ ಕಣವಾಗುತ್ತದೆ. ಡೀಸೆಲ್ ಜ್ವಾಲೆಯ ಹಳದಿ ಬಣ್ಣ ಬರುವುದೇ ಕೆಂಡವಾದ ಆ ಕಣಗಳಿಂದ. ಹಳದಿ ಕಂಡ ಮಾತ್ರಕ್ಕೆ ಗಾಬರಿ ಬೇಡ. ಆ ಕಣಗಳು ಸುಮಾರು 1,000 ಡಿಗ್ರಿಗಿಂತ ಮೇಲಿರುವಾಗಲೇ ಆಮ್ಲಜನಕ ಸಿಕ್ಕರೆ ಅವೂ ಉರಿದುಹೋಗುತ್ತವೆ. ಅಷ್ಟರೊಳಗೆ ತಣ್ಣನೆಯ ಗೋಡೆಗೆ ಬಡಿದರೆ, ಅಥವಾ ಗಾಳಿ ಸಿಗದಿದ್ದರೆ, ಮಸಿ ಮಸಿಯಾಗಿಯೇ ಉಳಿಯುತ್ತದೆ.

ಗಂಧಕದ ವಿಷಯ ಬೇರೆ. ಅದು ಬರ್ನರ್ ಸರಿಪಡಿಸಿದರೆ ಹೋಗುವುದಲ್ಲ, ಇಂಧನದಲ್ಲಿ ಎಷ್ಟಿದೆಯೋ ಅಷ್ಟೂ ಚಿಮಣಿಗೆ ಬರುತ್ತದೆ. 2020ರ ಏಪ್ರಿಲ್ 1ರಿಂದ ಬಂಕ್‌ನಲ್ಲಿ ಸಿಗುವ ಬಿಎಸ್-6 ಡೀಸೆಲ್‌ನಲ್ಲಿ ಗಂಧಕದ ಮಿತಿ 10 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಹತ್ತು ಪಾಲು. ನೂರು ಲೀಟರ್ ಉರಿಸಿದರೆ ಎರಡು ಗ್ರಾಂ ಕೂಡ ಗಂಧಕದ ಡೈಆಕ್ಸೈಡ್ ಬರುವುದಿಲ್ಲ. ಶೇ 1 ಗಂಧಕವಿರುವ ಕೈಗಾರಿಕಾ ಎಣ್ಣೆಯನ್ನು ಅಷ್ಟೇ ಉರಿಸಿದರೆ ಬರುವುದು ಒಂದೂವರೆ ಕಿಲೊಗೂ ಹೆಚ್ಚು. ಅಗ್ಗವೆಂದು ಫರ್ನೇಸ್ ಆಯಿಲ್ ತರುವ ಯೋಚನೆ ಇದ್ದವರಿಗೆ ಈ ಒಂದು ಲೆಕ್ಕ ಸಾಕು.

ಮೊದಲ ಅಳತೆ

ಬರ್ನರ್ ಮುಟ್ಟುವ ಮೊದಲು ಚಿಮಣಿಯ ಬುಡದಲ್ಲಿ ರಂಧ್ರ ಕೊರೆದು ಗ್ಯಾಸ್ ಅನಲೈಜರ್ ಇಟ್ಟು ಅಳೆದದ್ದು ಹೀಗಿತ್ತು. ಮೆಸ್ಕಾಂ ಕರೆಂಟಿನಲ್ಲಿ ಓಡುವಾಗ ಹೊಗೆಯಲ್ಲಿ ಬಳಕೆಯಾಗದೆ ಉಳಿದ ಆಮ್ಲಜನಕ ಶೇ 2.5, ಮೊನಾಕ್ಸೈಡ್ 250 ಪಿಪಿಎಂ, ಹೊಗೆಯ ಉಷ್ಣತೆ 385 ಡಿಗ್ರಿ. ಹೊಗೆಯನ್ನು ಕೈಪಂಪಿನಿಂದ ಹತ್ತು ಸಲ ಎಳೆದು ಬಿಳಿ ಕಾಗದದ ಮೇಲೆ ಬೀಳುವ ಕಲೆಯನ್ನು 0ಯಿಂದ 9ರ ಮಾಪಕಕ್ಕೆ ಹೋಲಿಸುವ ಬ್ಯಾಕರಾಕ್ ಪರೀಕ್ಷೆಯಲ್ಲಿ ಅಂಕ 5. ಇಂಥ ಬರ್ನರ್‌ಗೆ 1 ಮೀರಬಾರದು.

ಜನರೇಟರ್‌ಗೆ ಬದಲಿಸಿದ ಕೂಡಲೇ ಆಮ್ಲಜನಕ ಶೇ 1.3ಕ್ಕೆ ಕುಸಿಯಿತು, ಮೊನಾಕ್ಸೈಡ್ 2,000 ದಾಟಿತು, ಕಾಗದ ಕಪ್ಪಾಯಿತು. “ಹೊಗೆ ರಾತ್ರಿ ಮಾತ್ರ ಜಾಸ್ತಿ ಸಾರ್” ಎಂದು ಮೇಸ್ತ್ರಿ ಹೇಳುತ್ತಿದ್ದುದರ ಅರ್ಥ ಇದು. ರಾತ್ರಿ ಕರೆಂಟ್ ಹೋದಾಗ ಡ್ರೈಯರ್ ನಡೆಯುವುದು ಜನರೇಟರ್ ಮೇಲೆ. ಅದರ ಫ್ರೀಕ್ವೆನ್ಸಿ 50 ಹರ್ಟ್ಸ್‌ನ ಬದಲು 47 ಇತ್ತು. ಬರ್ನರ್ ಮೋಟರು ಶೇ 6ರಷ್ಟು ನಿಧಾನವಾದರೆ ಫ್ಯಾನಿನ ಗಾಳಿಯೂ ಅಷ್ಟೇ ಕಡಿಮೆ. ಆದರೆ ಡೀಸೆಲ್ ಪಂಪು ಅದೇ ಶಾಫ್ಟ್ ಮೇಲಿದ್ದರೂ ಅದರ ಒತ್ತಡವನ್ನು ಸ್ಪ್ರಿಂಗ್ ವಾಲ್ವ್ ಕಾಯುವುದರಿಂದ ಎಣ್ಣೆ ಒಂದು ಹನಿಯೂ ಕಡಿಮೆಯಾಗುವುದಿಲ್ಲ. ಗಾಳಿ ಮಾತ್ರ ಇಳಿದರೆ ಆಗುವುದು ಮಸಿಯೇ. ತೋಟದಲ್ಲಿ ಯಾರಿಗೂ ಜನರೇಟರ್ ಮೇಲೆ ಅನುಮಾನ ಬಂದಿರಲಿಲ್ಲ, ಬಲ್ಬು ಸರಿಯಾಗಿ ಉರಿಯುತ್ತಿತ್ತಲ್ಲ.

ಗಾಳಿ ಎಲ್ಲಿ ಕಳೆದುಹೋಯಿತು

ಒಂದು ಲೀಟರ್ ಡೀಸೆಲ್ ಉರಿಯಲು ಸುಮಾರು 12 ಕಿಲೊ ಗಾಳಿ ಬೇಕು. ಸಮುದ್ರಮಟ್ಟದಲ್ಲಿ ಅದು 10 ಘನ ಮೀಟರ್. ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ಶೇ 10ರ ಹತ್ತಿರ ತೆಳುವಾಗಿರುವುದರಿಂದ 11ಕ್ಕೂ ಮೇಲೆ. ಫ್ಯಾನು ತೂಕ ನೋಡಿ ಗಾಳಿ ಎಳೆಯುವುದಿಲ್ಲ, ಗಾತ್ರ ನೋಡಿ ಎಳೆಯುತ್ತದೆ. ಮಂಗಳೂರಿನಲ್ಲಿ ಹೊಗೆಯ ಆಮ್ಲಜನಕ ಶೇ 3.5ಕ್ಕೆ ಕೂರಿಸಿ ಚೆನ್ನಾಗಿ ಉರಿಯುವ ಬರ್ನರನ್ನು ಚಾರ್ಮಾಡಿ ಘಾಟಿ ಹತ್ತಿಸಿ ಮೂಡಿಗೆರೆಗೆ ತಂದರೆ, ಒಂದು ಸ್ಕ್ರೂವನ್ನೂ ತಿರುಗಿಸದೆ, ಅದು ಶೇ 1.6ಕ್ಕೆ ಇಳಿಯುತ್ತದೆ. ಘಟ್ಟದ ಮೇಲೆ ಹೊಸ ಬರ್ನರುಗಳೂ ಮೊದಲ ದಿನದಿಂದಲೇ ಹೊಗೆಯಾಡಲು ಮುಖ್ಯ ಕಾರಣ ಇದೇ ಎಂಬುದು ನಮ್ಮ ಅಭಿಪ್ರಾಯ. ಬರ್ನರ್ ಜೋಡಿಸಿದವರು ಅಳತೆ ಮಾಡದೆ ಡ್ಯಾಂಪರನ್ನು (ಬರ್ನರಿಗೆ ಹೋಗುವ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಬಾಗಿಲು) ಪುಸ್ತಕದ ಗುರುತಿಗೆ ನಿಲ್ಲಿಸಿ ಹೋಗುತ್ತಾರೆ.

ಇಲ್ಲಿ ಅದರ ಮೇಲೆ ಇನ್ನೂ ಒಂದು ಅಡಚಣೆ. ಬರ್ನರ್ ಇದ್ದದ್ದು ಡ್ರಮ್ಮಿನ ಷೆಡ್ಡಿನಲ್ಲೇ. ಪಾರ್ಚ್‌ಮೆಂಟ್ ತಿರುಗುವಾಗ ಏಳುವ ಹೊಟ್ಟಿನ ಧೂಳು ಗಾಳಿ ಎಳೆಯುವ ಬಾಯಿಗೆ ಮೆತ್ತಿಕೊಂಡಿತ್ತು. ಫ್ಯಾನ್ ಬಿಚ್ಚಿದಾಗ ಒಂದೊಂದು ರೆಕ್ಕೆಯ ಒಳಬಾಗೂ ಎಣ್ಣೆ ಬೆರೆತ ಧೂಳಿನಿಂದ ತುಂಬಿ ಚಪ್ಪಟೆಯಾಗಿತ್ತು. ಬಾಗಿದ ರೆಕ್ಕೆಯ ಫ್ಯಾನುಗಳಲ್ಲಿ ಇದು ಹೊರಗಿನಿಂದ ಕಾಣುವುದೇ ಇಲ್ಲ, ಶಬ್ದವೂ ಬದಲಾಗುವುದಿಲ್ಲ.

ಎಣ್ಣೆಯ ಕಡೆಯ ತಪ್ಪು

ಬೆಂಕಿಗೂಡು ಉದ್ದ, ಕಿರಿದು. ಅದಕ್ಕೆ ಸೂಕ್ತವಾದದ್ದು 1.25 ಗ್ಯಾಲನ್, 60 ಡಿಗ್ರಿ ಕೋನದ ನಾಜಲ್, 12 ಬಾರ್ ಒತ್ತಡ. ನಾಜಲ್ ಮೇಲಿನ ಅಂಕಿ 7 ಬಾರ್ ಒತ್ತಡದಲ್ಲಿ ಗಂಟೆಗೆ ಎಷ್ಟು ಅಮೆರಿಕನ್ ಗ್ಯಾಲನ್ ಹೋಗುತ್ತದೆ ಎಂಬುದು. 12 ಬಾರ್‌ನಲ್ಲಿ ಇದು ಗಂಟೆಗೆ 6.2 ಲೀಟರ್ ಕೊಡುತ್ತದೆ. ಬಿಚ್ಚಿದಾಗ ಸಿಕ್ಕಿದ್ದು 1.50 ಗ್ಯಾಲನ್, 80 ಡಿಗ್ರಿ ನಾಜಲ್. ಗೇಜ್ ಹಾಕಿದಾಗ ಒತ್ತಡ 8 ಬಾರ್. ಹಿಂದೆ ಯಾರೋ ಪೇಟೆಯಲ್ಲಿ ಸಿಕ್ಕಿದ ನಾಜಲ್ ಹಾಕಿ, ಎಣ್ಣೆ ಹೆಚ್ಚಾಯಿತೆಂದು ಒತ್ತಡ ತಗ್ಗಿಸಿದ್ದರು. ಲೆಕ್ಕ ನೋಡಿ: 8 ಬಾರ್‌ನಲ್ಲಿ ಈ ನಾಜಲ್ ಕೊಡುವುದೂ ಗಂಟೆಗೆ 6.1 ಲೀಟರ್. ಶಾಖ ಅಷ್ಟೇ ಬರುತ್ತಿದ್ದುದರಿಂದ ಯಾರ ಗಮನಕ್ಕೂ ಬರಲಿಲ್ಲ. ಆದರೆ ಕಡಿಮೆ ಒತ್ತಡದಲ್ಲಿ ಹನಿಗಳು ದಪ್ಪ, ಅಗಲ ಕೋನದಿಂದಾಗಿ ಅವು ನೇರ ಗೋಡೆಗೆ. ಬೆಂಕಿಗೂಡಿನ ಎರಡೂ ಪಕ್ಕಗಳಲ್ಲಿ ಮುಷ್ಟಿಗಾತ್ರದ ಇದ್ದಿಲ ಗಡ್ಡೆಗಳು ಬೆಳೆದಿದ್ದವು. ನಾಜಲ್‌ನ ರಂಧ್ರವನ್ನು ಪಿನ್ನಿನಿಂದ ಚುಚ್ಚಿದ ಗುರುತೂ ಇತ್ತು. ಚುಚ್ಚಿದ ನಾಜಲ್ ಮತ್ತೆ ಸರಿಯಾಗುವುದಿಲ್ಲ, ತುಂತುರು ಒಂದು ಬದಿಗೆ ವಾಲುತ್ತದೆ. ಪ್ರತಿ ಸೀಸನ್ನಿಗೆ ಹೊಸ ನಾಜಲ್ ಹಾಕುವ ಖರ್ಚು ಒಂದು ಬ್ಯಾಚಿನ ಡೀಸೆಲ್ ಖರ್ಚಿನ ಮುಂದೆ ಏನೂ ಅಲ್ಲ.

ಟ್ಯಾಂಕಿನ ತಳದ ಡ್ರೈನ್ ತೆಗೆದಾಗ ಮೊದಲು ನೀರು, ಆಮೇಲೆ ಕರಿ ಎಣ್ಣೆ ಬಂತು. ಜೀಪು, ಟ್ರ್ಯಾಕ್ಟರುಗಳ ಸುಟ್ಟ ಆಯಿಲನ್ನು ಉಳಿತಾಯಕ್ಕೆಂದು ಟ್ಯಾಂಕಿಗೆ ಸುರಿಯುವ ರೂಢಿ ತೋಟದಲ್ಲಿತ್ತು. ಎಂಜಿನ್ ಆಯಿಲ್‌ಗೆ ಬೆರೆಸುವ ಸತು, ಕ್ಯಾಲ್ಸಿಯಂ, ರಂಜಕದ ಪದಾರ್ಥಗಳು ಎಷ್ಟು ಗಾಳಿ ಕೊಟ್ಟರೂ ಉರಿಯುವುದಿಲ್ಲ, ಬೂದಿಯಾಗಿ ಕೊಳವೆಗಳಿಗೆ ಮೆತ್ತುತ್ತವೆ ಇಲ್ಲವೇ ಚಿಮಣಿಯಿಂದ ಹಾರುತ್ತವೆ. ಜೊತೆಗೆ ಆ ಎಣ್ಣೆ ಮಂದವಾದ್ದರಿಂದ ಹನಿ ಇನ್ನೂ ದಪ್ಪ. ಸುಟ್ಟ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅಧಿಕೃತ ಮರುಬಳಕೆದಾರರಿಗೆ ಕೊಡಬೇಕಾದ್ದು, ಉರಿಸಬೇಕಾದ್ದಲ್ಲ.

ಕಾಫಿಗೆ ವಾಸನೆ ಹೇಗೆ ಬಂತು

ಮೇಲಿನ ಯಾವ ದೋಷವೂ ತಾನಾಗಿಯೇ ಕಾಫಿಗೆ ವಾಸನೆ ಹಚ್ಚಲಾರದು, ಬೆಂಕಿಗೂಡು ಬಿರುಕು ಬಿಟ್ಟಿರದಿದ್ದರೆ. ಈ ಡ್ರೈಯರ್‌ನಲ್ಲಿ ದೊಡ್ಡ ಫ್ಯಾನು ಬೆಂಕಿಗೂಡಿನ ನಂತರ ಕೂತಿದೆ, ಬಿಸಿಗಾಳಿಯನ್ನು ಹೀರಿ ಡ್ರಮ್ಮಿಗೆ ತಳ್ಳುತ್ತದೆ. ಹೀರುವ ಕಡೆ ಒತ್ತಡ ಕಡಿಮೆಯಿರುವುದರಿಂದ ಬಿರುಕಿದ್ದರೆ ಹೊಗೆ ಗಾಳಿಯೊಳಕ್ಕೆ ನುಗ್ಗುತ್ತದೆ. ಫ್ಯಾನು ಮುಂದಿದ್ದು ಗಾಳಿಯನ್ನು ಬೆಂಕಿಗೂಡಿನ ಮೇಲೆ ಊದುವ ಬಗೆಯಾಗಿದ್ದರೆ ಸೋರಿಕೆ ಉಲ್ಟಾ ಆಗಿ ಕಾಫಿ ಬಚಾವಾಗುತ್ತಿತ್ತು. ಹೊಸ ಡ್ರೈಯರ್ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಇದು, ಆದರೆ ಎಲ್ಲರೂ ಕೇಳುವುದು ಡ್ರಮ್ಮಿನ ಅಳತೆಯನ್ನು.

ಬಿಸಿಗಾಳಿಯ ಡಕ್ಟಿನಲ್ಲಿ ಅಳೆದಾಗ ಕರೆಂಟಿನ ಮೇಲೆ ಮೊನಾಕ್ಸೈಡ್ ಸೊನ್ನೆ, ಜನರೇಟರ್ ಮೇಲೆ 3 ಪಿಪಿಎಂ. ಚಿಲ್ಲರೆ ಅಂಕಿ ಅನ್ನಿಸಬಹುದು. ಆದರೆ ಒಂದು ಪಾಲು ಹೊಗೆಗೆ ಐವತ್ತು ಪಾಲಿಗೂ ಹೆಚ್ಚು ಬಿಸಿಗಾಳಿ ಬೆರೆಯುವ ಜಾಗ ಇದು, ಅಲ್ಲಿ 3 ಕಾಣಿಸಿತೆಂದರೆ ಸೋರಿಕೆ ಸಣ್ಣದಲ್ಲ. ಮೊನಾಕ್ಸೈಡಿಗೆ ವಾಸನೆಯಿಲ್ಲ, ಅದರ ಜೊತೆ ಬರುವ ಅರೆಬೆಂದ ಎಣ್ಣೆಯ ಆವಿಗಿದೆ, ಮತ್ತು ಹದಿನಾರು ಗಂಟೆ ಆ ಗಾಳಿಯಲ್ಲಿ ಹೊರಳುವ ಒದ್ದೆ ಪಾರ್ಚ್‌ಮೆಂಟ್ ಅದನ್ನು ಹೀರಿಕೊಳ್ಳುತ್ತದೆ. ಅನಲೈಜರ್‌ಗೆ ಸಿಗದ್ದನ್ನೂ ಕಪ್ಪಿಂಗ್ ಮಾಡುವವರ, ಅಂದರೆ ಕಾಫಿಯ ರುಚಿ ವಾಸನೆ ಪರೀಕ್ಷಿಸುವವರ, ಮೂಗು ಹಿಡಿಯುತ್ತದೆ.

ಬಿರುಕು ಹುಡುಕಲು ದುಬಾರಿ ಸಾಧನ ಬೇಕಿಲ್ಲ. ಬರ್ನರ್ ಆರಿಸಿ ತಣ್ಣಗಾದ ಮೇಲೆ ದೊಡ್ಡ ಫ್ಯಾನು ಓಡಿಸಿ, ಬೆಂಕಿಗೂಡಿನೊಳಗೆ ಬೆಸುಗೆಯ ಗೆರೆಯುದ್ದಕ್ಕೂ ಹಚ್ಚಿದ ಊದುಬತ್ತಿ ಸರಿಸುತ್ತ ಹೋದರೆ ಬಿರುಕಿರುವಲ್ಲಿ ಹೊಗೆ ಚಕ್ಕನೆ ಒಳಗೆ ಎಳೆದುಕೊಳ್ಳುತ್ತದೆ. ಹಿಂದಿನ ಗೋಡೆಯ ಬೆಸುಗೆಯಲ್ಲಿ ಗೇಣುದ್ದದ ಬಿರುಕು ಸಿಕ್ಕಿತು. ಕಾರಣವೂ ಅಲ್ಲೇ ಇತ್ತು: ಬ್ಯಾಚ್ ಮುಗಿದ ತಕ್ಷಣ ಬರ್ನರ್, ಫ್ಯಾನ್ ಎರಡನ್ನೂ ಒಂದೇ ಸ್ವಿಚ್ಚಿನಲ್ಲಿ ಆರಿಸುತ್ತಿದ್ದರು. ಕೆಂಪಗೆ ಕಾದ ಉಕ್ಕಿನ ಶಾಖ ಒಯ್ಯಲು ಗಾಳಿಯೇ ಇಲ್ಲ. ಪ್ರತಿ ಸಲ ಹೀಗೆ ಕಾದು ಹಿಗ್ಗಿ ಕುಗ್ಗಿದರೆ ಬೆಸುಗೆ ಬಿಡದೆ ಇನ್ನೇನು.

ಡ್ಯಾಂಪರ್ ಪೂರ್ತಿ ತೆಗೆದರೆ?

ಇದು ತೋಟದಲ್ಲಿ ಆಗಲೇ ಮಾಡಿ ನೋಡಿದ್ದ ಉಪಾಯ. “ಗಾಳಿ ಬಿಟ್ರೆ ಕಪ್ಪು ಹೊಗೆ ನಿಲ್ಲುತ್ತೆ ಸಾರ್, ಆದ್ರೆ ಡೀಸೆಲ್ ಕುಡಿಯುತ್ತೆ” ಎಂದ ಮೇಸ್ತ್ರಿ ಮಾತು ಎರಡೂ ತುದಿಯಲ್ಲಿ ನಿಜ. ಹಳೆಯ ನಾಜಲ್ ಇಟ್ಟುಕೊಂಡೇ ಡ್ಯಾಂಪರ್ ಪೂರ್ತಿ ತೆಗೆದು ಅಳೆದಾಗ ಆಮ್ಲಜನಕ ಶೇ 8ಕ್ಕೆ ಏರಿತು, ಕಪ್ಪು ಹೋಗಿ ಬೆಳ್ಳಗಿನ, ಕಣ್ಣು ಚುಚ್ಚುವ ಹೊಗೆ ಬಂತು. ಬಿಳಿ ಹೊಗೆ ಎಂದರೆ ಜ್ವಾಲೆ ತಣ್ಣಗಾಗಿ ಉರಿಯದೆಯೇ ಹೊರಬಿದ್ದ ಡೀಸೆಲ್ ಆವಿ. ಚಿಮಣಿಯಲ್ಲಿ ಹೋಗುವ ಶಾಖ ಶೇ 16ರಿಂದ 21ಕ್ಕೆ ಜಿಗಿಯಿತು, ಬೇಡದ ಗಾಳಿಯನ್ನೂ 385 ಡಿಗ್ರಿಗೆ ಕಾಯಿಸಿ ಆಕಾಶಕ್ಕೆ ಬಿಟ್ಟ ಹಾಗೆ. ರೈಟರು ಬರೆದಿಟ್ಟ ಪುಸ್ತಕದಲ್ಲಿ 112 ಲೀಟರ್ ಬಿದ್ದ ಬ್ಯಾಚುಗಳು ಇವೇ.

ಸರಿಪಡಿಸಿದ ಕ್ರಮ

ಕ್ರಮ ಮುಖ್ಯ. ಮೊದಲೇ ಡ್ಯಾಂಪರ್ ತಿರುಗಿಸಿದರೆ ಉಳಿದ ದೋಷಗಳೆಲ್ಲ ಅದರ ಹಿಂದೆ ಅಡಗಿಕೊಳ್ಳುತ್ತವೆ. ಟ್ಯಾಂಕ್ ಖಾಲಿ ಮಾಡಿ ತೊಳೆದು, ಫಿಲ್ಟರ್ ಬದಲಿಸಿ, ಪೈಪಿನ ಗಾಳಿಗುಳ್ಳೆ ಬಿಡಿಸಿದ್ದು ಮೊದಲು. ಬೆಂಕಿಗೂಡನ್ನು ತಾತ್ಕಾಲಿಕವಾಗಿ ಬೆಸೆದು ಸೀಸನ್ ಮುಗಿಸಿ, ನಂತರ ಹಿಂದಿನ ಗೋಡೆಯನ್ನು 310 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಿಂದ ಮಾಡಿಸುವುದೆಂದಾಯಿತು. ಕೊಳವೆಗಳ ಮಸಿ ಬ್ರಷ್ ಹಾಕಿ ತೆಗೆಯಲಾಯಿತು. ಫ್ಯಾನಿನ ರೆಕ್ಕೆ ತೊಳೆದು, ಬರ್ನರ್ ಗಾಳಿಗೆ ಷೆಡ್ಡಿನ ಹೊರಗೋಡೆಯಿಂದ ಬೇರೆ ಪೈಪು ಎಳೆಯಲಾಯಿತು. ಗಂಟೆಗೆ ಬೇಕಾದ್ದು ಸುಮಾರು 90 ಘನ ಮೀಟರ್, ಆರಂಗುಲದ ಪೈಪು ಧಾರಾಳ ಸಾಕು. ಆಮೇಲೆ 1.25ರ 60 ಡಿಗ್ರಿ ನಾಜಲ್, 12 ಬಾರ್ ಒತ್ತಡ. ಕಿಡಿ ಹಾರಿಸುವ ಎಲೆಕ್ಟ್ರೋಡ್‌ಗಳ ತುದಿಗಳ ನಡುವೆ 3ರಿಂದ 4 ಮಿಲಿಮೀಟರ್ ಅಂತರ, ತುದಿ ತುಂತುರಿಗೆ ತಾಗದಂತೆ. ಜ್ವಾಲೆ ನೋಡುವ ಫೋಟೋಸೆಲ್ ಒರೆಸಿದ್ದು ಚಿಕ್ಕ ಕೆಲಸ, ಆದರೆ ಮಸಿ ಹಿಡಿದ ಫೋಟೋಸೆಲ್‌ನಿಂದ ಬರ್ನರ್ ಪದೇ ಪದೇ ಲಾಕ್ ಆಗಿ, ಪ್ರತಿ ಮರುಚಾಲನೆಗೂ ಒಂದು ಗುಕ್ಕು ಹೊಗೆ ಬರುತ್ತಿತ್ತು.

ಟ್ಯೂನಿಂಗ್ ಕೊನೆಗೆ. ಇಪ್ಪತ್ತು ನಿಮಿಷ ಓಡಿಸಿ ಬೆಂಕಿಗೂಡು ಪೂರ್ತಿ ಕಾದ ಮೇಲೆ ಗಾಳಿಯನ್ನು ನಿಧಾನವಾಗಿ ತಗ್ಗಿಸುತ್ತ, ಬ್ಯಾಕರಾಕ್ ಕಾಗದದಲ್ಲಿ ಮೊದಲ ಮಬ್ಬು ಕಾಣುವ ಬಿಂದು ಹಿಡಿಯಬೇಕು. ಇಲ್ಲಿ ಅದು ಆಮ್ಲಜನಕ ಶೇ 3ರಲ್ಲಿ ಕಂಡಿತು. ಅಲ್ಲಿಂದ ಶೇ 5ಕ್ಕೆ ಏರಿಸಿ ಡ್ಯಾಂಪರ್ ಬಿಗಿಯಲಾಯಿತು. ಎರಡು ಅಂಶ ಹೆಚ್ಚು ಬಿಟ್ಟದ್ದು ಸುಮ್ಮನಲ್ಲ: ಜನವರಿಯ ಮುಂಜಾವಿನ 14 ಡಿಗ್ರಿಗೂ ಮಧ್ಯಾಹ್ನದ 28ಕ್ಕೂ ಗಾಳಿಯ ಸಾಂದ್ರತೆ ಶೇ 5ರಷ್ಟು ಬದಲಾಗುತ್ತದೆ, ಬೆಳಿಗ್ಗೆ ಶೇ 5 ಇದ್ದದ್ದು ಮಧ್ಯಾಹ್ನ ಶೇ 4ರ ಹತ್ತಿರ ಬರುತ್ತದೆ. ಜನರೇಟರಿನ ವೇಗ ಕಾಯುವ ಗವರ್ನರನ್ನು ಲೋಡ್ ಇರುವಾಗ 50 ಹರ್ಟ್ಸ್ ಬರುವಂತೆ ಸರಿಮಾಡಿಸಲಾಯಿತು. ಬರ್ನರ್ ಆರಿದ ಮೇಲೂ ಗಾಳಿ 50 ಡಿಗ್ರಿಗೆ ಇಳಿಯುವ ತನಕ ದೊಡ್ಡ ಫ್ಯಾನು ಓಡುವಂತೆ ಥರ್ಮೋಸ್ಟಾಟ್ ಹಾಕಿಸಲಾಯಿತು.

ಆಮೇಲಿನ ಅಳತೆ: ಆಮ್ಲಜನಕ ಶೇ 5, ಮೊನಾಕ್ಸೈಡ್ 30 ಪಿಪಿಎಂ, ಹೊಗೆ ಅಂಕ ಒಂದಕ್ಕಿಂತ ಕೆಳಗೆ, ಚಿಮಣಿ 245 ಡಿಗ್ರಿ, ಚಿಮಣಿಯ ಶಾಖನಷ್ಟ ಶೇ 11. ಡಕ್ಟಿನಲ್ಲಿ ಮೊನಾಕ್ಸೈಡ್ ಎರಡೂ ಕರೆಂಟಿನಲ್ಲಿ ಸೊನ್ನೆ. ಬ್ಯಾಚಿನ ಖರ್ಚು ಮತ್ತೆ ನೂರು ಲೀಟರಿನ ಒಳಗೆ ಬಂತು.

ಚೊಕ್ಕ ಮಾಡಲಾಗದ ಎರಡು

ನೈಟ್ರೋಜನ್ ಆಕ್ಸೈಡುಗಳು ಕಡಿಮೆಯಾಗಲಿಲ್ಲ, ತುಸು ಹೆಚ್ಚೇ ಆದವು. ಇವು ಹೆಚ್ಚಿನಂಶ ಡೀಸೆಲ್‌ನಿಂದ ಬಂದವಲ್ಲ. ಸುಮಾರು 1,500 ಡಿಗ್ರಿ ಮೀರಿದ ಜ್ವಾಲೆಯಲ್ಲಿ ಗಾಳಿಯದೇ ನೈಟ್ರೋಜನ್ ಉರಿದು ಆಗುವಂಥವು. ಮಸಿ ಹೋಗಲಾಡಿಸುವ ಬಿಸಿಜ್ವಾಲೆ, ಧಾರಾಳ ಆಮ್ಲಜನಕ ಇವೆರಡೂ ಅವಕ್ಕೆ ಅನುಕೂಲ. ಹೊಗೆಯ ಒಂದು ಪಾಲನ್ನು ಜ್ವಾಲೆಯ ಬುಡಕ್ಕೆ ತಿರುಗಿಸಿ, ಹನಿಯನ್ನು ಮೊದಲೇ ಆವಿ ಮಾಡಿ ನೀಲಿಯಾಗಿ ಉರಿಸುವ ಬರ್ನರುಗಳಿವೆ. ಮಸಿಯೂ ಇಲ್ಲ, ನೈಟ್ರೋಜನ್ ಆಕ್ಸೈಡೂ ಕಡಿಮೆ. ಯುರೋಪಿನ ಇಎನ್ 267 ಮಾನದಂಡದ ಮೂರನೇ ದರ್ಜೆಯ ಮಿತಿ ಕಿಲೊವ್ಯಾಟ್-ಗಂಟೆಗೆ 120 ಮಿಲಿಗ್ರಾಂ, ಮೊದಲ ದರ್ಜೆಗೆ 250. ಆದರೆ ಅಂಥ ಬರ್ನರು ಧೂಳು ಮತ್ತು ಕರೆಂಟಿನ ಏರಿಳಿತವನ್ನು ಸಹಿಸುವುದಿಲ್ಲ. ಸೀಸನ್ನಿನ ಮಧ್ಯೆ ಕೆಟ್ಟರೆ ರಿಪೇರಿಯವರು ಘಟ್ಟ ಹತ್ತಿ ಬರುವಷ್ಟರಲ್ಲಿ ಕಾಫಿ ಬೂಷ್ಟು ಹಿಡಿದಿರುತ್ತದೆ. ಈ ತೋಟಕ್ಕೆ ಅದನ್ನು ಶಿಫಾರಸು ಮಾಡಲಿಲ್ಲ.

ಎರಡನೆಯದು ಇಂಗಾಲದ ಡೈಆಕ್ಸೈಡ್. ಇದಕ್ಕೆ ತಿರುಗಿಸಲು ಸ್ಕ್ರೂ ಇಲ್ಲ. ಜ್ವಾಲೆ ಎಷ್ಟು ಚೊಕ್ಕವೋ ಅಷ್ಟೂ ಇಂಗಾಲ ಡೈಆಕ್ಸೈಡೇ ಆಗುತ್ತದೆ. ನೂರು ಲೀಟರಿಗೆ 265 ಕಿಲೊ.

ಹಾಗಾದರೆ ಗ್ಯಾಸ್? ಎಲ್‌ಪಿಜಿ ಮೊದಲೇ ಆವಿಯಾಗಿರುವುದರಿಂದ ಹನಿಯ ತಾಪತ್ರಯವಿಲ್ಲ, ಮಸಿ ಬರಿಸಬೇಕೆಂದರೆ ಕಷ್ಟಪಡಬೇಕು. ಅಷ್ಟೇ ಶಾಖಕ್ಕೆ ಡೈಆಕ್ಸೈಡ್ ಡೀಸೆಲ್‌ಗಿಂತ ಶೇ 12ರಷ್ಟು ಮಾತ್ರ ಕಡಿಮೆ. ತೊಡಕು ಬೇರೆ ಕಡೆ ಇದೆ. ಈ ಡ್ರೈಯರ್‌ಗೆ ಗಂಟೆಗೆ ಹತ್ತಿರಹತ್ತಿರ 5 ಕಿಲೊ ಗ್ಯಾಸ್ ಬೇಕು. 19 ಕಿಲೊ ಸಿಲಿಂಡರ್ ತನ್ನಷ್ಟಕ್ಕೆ ಆವಿಯಾಗಿ ಕೊಡುವುದು ಗಂಟೆಗೆ ಅರ್ಧದಿಂದ ಒಂದು ಕಿಲೊ. ಡಿಸೆಂಬರ್ ರಾತ್ರಿಯ ಚಳಿಯಲ್ಲಿ ಮೈಮೇಲೆ ಹಿಮ ಕಟ್ಟಿ ಅದಕ್ಕೂ ಕಡಿಮೆ. ಎಂಟು ಹತ್ತು ಸಿಲಿಂಡರುಗಳನ್ನು ಒಂದೇ ಪೈಪಿಗೆ ಕೂಡಿಸುವ ಮ್ಯಾನಿಫೋಲ್ಡ್ ಅಥವಾ ಗ್ಯಾಸನ್ನು ಕಾಯಿಸಿ ಆವಿ ಮಾಡುವ ವೇಪರೈಜರ್ ಬೇಕಾಗುತ್ತದೆ, ಜೊತೆಗೆ ಅದಕ್ಕೆ ಗಾಳಿಯಾಡುವ ಪ್ರತ್ಯೇಕ ಜಾಗ. ಬಿರುಕು ಬಿಟ್ಟ ಬೆಂಕಿಗೂಡಿಗೆ ಗ್ಯಾಸ್ ಹಾಕಿದರೂ ಸೋರಿಕೆ ಸೋರಿಕೆಯೇ. ಮಾಲೀಕರು ಈ ಸೀಸನ್ನಿಗೆ ಡೀಸೆಲ್ಲನ್ನೇ ಮುಂದುವರಿಸಿದರು. ಹೊಟ್ಟನ್ನೂ ಸಿಲ್ವರ್ ಓಕ್ ಸೌದೆಯನ್ನೂ ಉರಿಸುವ ಒಲೆಯ ಮಾತು ಬಂದಿತ್ತು. ಅದರ ಹೊಗೆ ಹದಗೊಳಿಸುವುದು ಡೀಸೆಲ್‌ಗಿಂತ ಎಷ್ಟೋ ಕಷ್ಟವಾದ್ದರಿಂದ ಅದನ್ನು ಬದಿಗಿಟ್ಟರು.

ಲೀಟರ್ ಇಳಿಸಲು ಉಳಿದ ದಾರಿ ಕಾಫಿ ಒಣಹಾಕುವ ಕಣ. ಅದೇ ಬ್ಯಾಚನ್ನು ಬಿಸಿಲಿನಲ್ಲಿ ಶೇ 40ರಿಂದ 30ಕ್ಕೆ ಇಳಿಸಿ ಡ್ರಮ್ಮಿಗೆ ಹಾಕಿದರೆ ಆವಿಯಾಗಬೇಕಾದ ನೀರು 667ರಿಂದ 381 ಕಿಲೊಗೆ ಬರುತ್ತದೆ, ಡೀಸೆಲ್ ನೂರರಿಂದ ಅರವತ್ತರೊಳಗೆ. ಬರ್ನರ್ ರಿಪೇರಿಯಿಂದ ಉಳಿದ ಹನ್ನೆರಡು ಲೀಟರಿನ ಮುಂದೆ ಇದು ಮೂರು ಪಟ್ಟಿಗೂ ಹೆಚ್ಚು. ಮೋಡ ಕವಿಯದ ದಿನಗಳಲ್ಲಿ ತೇವದ ಮೀಟರ್ 30 ತೋರಿಸುವ ತನಕ ಡ್ರಮ್ ತುಂಬಬಾರದೆಂದು ರೈಟರಿಗೆ ಹೇಳಲಾಗಿದೆ. ಕೊಯ್ಲಿನ ಮಧ್ಯೆ ಅಕಾಲದ ಮಳೆ ಬಿದ್ದರೆ ಮಾತ್ರ ಶೇ 40ಕ್ಕೇ ತುಂಬುವುದು, ಆಗಲೂ ಡ್ರಮ್ಮಿಗೆ ಬರುವ ಗಾಳಿಯ ಬಿಸಿ ಎಷ್ಟೇ ಇರಲಿ ಬೀಜದ ಉಷ್ಣತೆ 45 ಡಿಗ್ರಿ ಮೀರದಂತೆ.